ಮುಚ್ಚಿದ ಕಣ್ಣು ತೆರೆಯುವ ಕೆಲಸ

ಆಗುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ. ಕೂಡ್ಲಿಗಿಯಲ್ಲಿ ಗಾರೆ ಕೆಲಸದವನು, ಅವ್ವನ ತಮ್ಮ. ತನ್ನ ಮಗನಿಗೆ ನನ್ನನ್ನು ತಂದುಕೊಳ್ಳಬೇಕೆಂದು ನಾನು ಲಂಗ ತೊಡುತ್ತಿದ್ದಾಗಿನಿಂದ ಹೇಳುತ್ತಿದ್ದ. ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಹಚ್ಚಿ ಬಂದ ದಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಅವ್ವನಿಗೆ ಹೇಳಿದ:

"ನಮ್ಮ ಪೈಕ್ಯಾಗ ಇಲ್ಲೀತನ ಒಬ್ಬರಾರ ಡಿಗ್ರಿ ಮುಗಿಸ್ಯಾರೇನಕ್ಕ? ಈಕಿ ಮುಗಸ್ತಾಳಂತ. ಅದೂ ಪೆನ್ಸಿಲ್‌ಲೆ ಗೀಚಿ, ಫೀಜು ಕಟ್ಟಿ."

ಡಿಗ್ರಿ ಮುಗಿಯುವವರೆಗೆ ಮದುವೆಯ ಮಾತು ಎತ್ತಬೇಡ ಎಂದಳು ಅವ್ವ. ನಡುವೆ ನಿಂತುಹೋದರೆ ಎಂದ ಮಾವ. ಹಾಗಾದರೆ ನಿನ್ನ ಮಗನಿಗೇ ಕೊಡುತ್ತೇನೆ ಎಂದುಬಿಟ್ಟಳು. ನನ್ನನ್ನು ಯಾರೂ ಕೇಳಲಿಲ್ಲ. ಮಾವ ಲೋಟ ಕೆಳಗಿಟ್ಟು, ಆಯಿತು ಎಂದು ಎದ್ದ. ಅಂದಿನಿಂದ ನನಗೆ ಒಂದು ಸೆಮಿಸ್ಟರ್ ತಪ್ಪುವುದೆಂದರೆ ಒಂದು ವರ್ಷ ತಪ್ಪುವುದಾಗಿರಲಿಲ್ಲ, ಮಾವನ ಮನೆಗೆ ಸೊಸೆಯಾಗಿ ಹೋಗುವುದಾಗಿತ್ತು.

ಅಪ್ಪ ಕಾಫಿ ಸೀಮೆಯ ತೋಟಗಳಲ್ಲಿ ಕೂಲಿ. ವರ್ಷಕ್ಕೊಮ್ಮೆ ಬರುತ್ತಾನೆ, ಬಂದಷ್ಟು ದಿನ ಮಲಗುತ್ತಾನೆ. ಅವ್ವ ಕಳೆ ತೆಗೆಯಲು, ಶೇಂಗಾ ಬಿಡಿಸಲು ಹೋಗುತ್ತಾಳೆ. ಆ ಕೂಲಿ ಊಟಕ್ಕೇ ಸರಿಹೋಗುತ್ತಿತ್ತು. ಬಸ್ ಪಾಸು, ಪುಸ್ತಕ, ಫೀಸು ನನ್ನ ಪೆನ್ಸಿಲ್ಲಿನಿಂದಲೇ ಬರಬೇಕಿತ್ತು.

ಕೊಟ್ಟೂರಿನಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಒಂದು ಅಂಗಡಿ ಇದೆ. ನಾನು ಬರೆದ ಚಿತ್ರವೊಂದಕ್ಕೆ ಗಾಜು ಹಾಕಿಸಲು ಹೋದಾಗ ಅಂಗಡಿಯ ಮಾಲೀಕ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ, ಬೆರಳಿಗೆ ಕಪ್ಪು ಹತ್ತಿದ್ದನ್ನು ನೋಡಿ, ಕೈಯಿಂದಲೇ ಬರೆದದ್ದು ಎಂದು ಖಾತ್ರಿ ಮಾಡಿಕೊಂಡ. ಮರುವಾರ ಅಂಗಡಿಯ ಮುಂದೆ ಹೊಸ ಬೋರ್ಡು ಬಿತ್ತು: ಇಲ್ಲಿ ಪೆನ್ಸಿಲ್ ಚಿತ್ರ ಬರೆದು ಕೊಡಲಾಗುವುದು. ಬರೆಯುವವಳ ಹೆಸರು ಬೋರ್ಡಿನ ಮೇಲೂ ಇರಲಿಲ್ಲ, ಚಿತ್ರದ ಕೆಳಗೂ ಇರಲಿಲ್ಲ. ಹೆಸರು ಹಾಕಿದರೆ ಗಿರಾಕಿಗಳು ಸೀದಾ ನಿನ್ನ ಹತ್ತಿರ ಬಂದುಬಿಡುತ್ತಾರೆ ಎಂದು ಅವನು ನಗುತ್ತಲೇ ಹೇಳಿದ್ದ.

ಮೊದಮೊದಲು ಮದುಮಕ್ಕಳು, ವರ್ಷ ತುಂಬಿದ ಕೂಸುಗಳು, ನಿವೃತ್ತರಾಗುವ ಮೇಷ್ಟ್ರುಗಳು. ಹೂವಿನಹಡಗಲಿ ಕಡೆಯವರು ಬಂದರೆ ಹೆಣ್ಣಿನ ಮುಖಕ್ಕಿಂತ ದಂಡೆಯಲ್ಲಿನ ಮಲ್ಲಿಗೆ ಮೊಗ್ಗು ಒಂದೊಂದೂ ಬಿಡಿಯಾಗಿ ಕಾಣುತ್ತದೋ ಇಲ್ಲವೋ ನೋಡುತ್ತಿದ್ದರು. ಆಮೇಲೆ ಮೊಬೈಲಿನಲ್ಲಿ ಫೋಟೊ ಹಾಕಿದರೆ ಕಣ್ಣು ಮಿಟುಕಿಸುವುದರಲ್ಲಿ ಪೆನ್ಸಿಲ್ ಚಿತ್ರ ಮಾಡಿಕೊಡುವ ಆ್ಯಪ್‌ಗಳು ಬಂದವು. ಮದುಮಕ್ಕಳು ಹೋದರು, ಕೂಸುಗಳು ಹೋದವು. ನನಗೆ ಸತ್ತವರು ಉಳಿದರು.

ಸತ್ತವರಲ್ಲೂ ಹೆಚ್ಚಾಗಿ ಹಳೆಯ ಕಾಲದ ಹೆಂಗಸರು. ಅವರಿಗೆ ಒಂದು ಸರಿಯಾದ ಫೋಟೊ ಇರುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಹೆದರಿ ಕುಳಿತ ಒಂದು ಮಸುಕು ಮುಖ, ಇಲ್ಲವೆ ಯಾರದೋ ಮದುವೆಯ ಗುಂಪಿನಲ್ಲಿ ಸೆರಗಿನ ಹಿಂದೆ ಅರ್ಧ ಗಲ್ಲ. ಲಿಂಗ ಕಟ್ಟುವ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿ, ಬಾಯಿ ತೆರೆಯದಂತೆ ಗದ್ದಕ್ಕೂ ನೆತ್ತಿಗೂ ಸೇರಿಸಿ ಬಟ್ಟೆ ಕಟ್ಟಿರುತ್ತಾರೆ. ಬದುಕಿದ್ದಾಗ ಯಾರೂ ಫೋಟೊ ತೆಗೆಯದ ಹೆಂಗಸಿಗೆ ಆಗ ಎಲ್ಲರೂ ಮೊಬೈಲ್ ಹಿಡಿಯುತ್ತಾರೆ. ನನ್ನ ಕೈಗೆ ಬರುತ್ತಿದ್ದದ್ದು ಆ ಫೋಟೊ. ಗೋಡೆಗೆ ಹಾಕಲು ಅವರಿಗೆ ಬೇಕಾದದ್ದು ಬದುಕಿದ್ದ ಮುಖ.

ಅದಕ್ಕೊಂದು ಕ್ರಮವನ್ನು ನಾನೇ ಕಂಡುಕೊಂಡಿದ್ದೆ. ಮೊದಲು ಗದ್ದದ ಬಟ್ಟೆ ತೆಗೆಯಬೇಕು. ಬಟ್ಟೆ ಬಿಗಿದು ಕೆನ್ನೆ ಮೇಲಕ್ಕೆ ಒತ್ತಿರುತ್ತದೆ, ಅದನ್ನು ಇಳಿಸಬೇಕು. ಸತ್ತ ಮೇಲೆ ಮೂಗಿನ ತುದಿ ಚೂಪಾಗುತ್ತದೆ, ತುಟಿ ಒಳಸೇರುತ್ತದೆ. ಮೂಗನ್ನು ಕೊಂಚ ಮೊಂಡು ಮಾಡಿ ಕೆಳತುಟಿಗೆ ಸ್ವಲ್ಪ ನೆರಳು ಕೊಟ್ಟರೆ ಉಸಿರು ಬಂದಂತಾಗುತ್ತದೆ. ವಿಭೂತಿಯನ್ನು ಬರೆಯಲು ಬರುವುದಿಲ್ಲ. ಅಲ್ಲಿ ಕಾಗದವನ್ನು ಮುಟ್ಟದೆ ಬಿಟ್ಟು ಸುತ್ತ ಹಣೆಯನ್ನು ಕಪ್ಪು ಮಾಡುತ್ತ ಬರಬೇಕು. ಇಷ್ಟೆಲ್ಲ ಆದ ಮೇಲೆ ಕಣ್ಣು. ಮುಚ್ಚಿದ ರೆಪ್ಪೆಯ ಅಡಿಯಲ್ಲಿ ಎಂಥ ಕಣ್ಣಿತ್ತು ಎಂದು ಫೋಟೊ ಹೇಳುವುದಿಲ್ಲ. ಹಾಗಾಗಿ ಮನೆಯವರನ್ನು ಕೇಳುತ್ತಿದ್ದೆ: ಇವರ ಕಣ್ಣು ಮಕ್ಕಳಲ್ಲಿ ಯಾರಿಗೆ ಬಂದಿದೆ? ಆ ಮಗನನ್ನೋ ಮಗಳನ್ನೋ ಕಿಟಕಿಯ ಹತ್ತಿರ ಕೂರಿಸಿ, ಅವರ ಕಣ್ಣನ್ನು ಬರೆದುಕೊಂಡು, ಅದಕ್ಕೆ ವಯಸ್ಸು ಹಾಕಿ ಸತ್ತವರ ಮುಖದಲ್ಲಿ ಇಡುತ್ತಿದ್ದೆ. ಒಬ್ಬರೂ ತಪ್ಪಾಯಿತು ಎಂದಿರಲಿಲ್ಲ.

ನನ್ನ ಕಡೆಯ ಸೆಮಿಸ್ಟರ್ ನಡೆಯುತ್ತಿದ್ದಾಗ ಕೊಟ್ಟೂರಿನ ಶೇಂಗಾ ವ್ಯಾಪಾರಿಯೊಬ್ಬರ ಮನೆಯಲ್ಲಿ ಹಿರಿಯಾಕೆ ತೀರಿಕೊಂಡಳು. ಸತ್ತವರಿಗಾಗಿ ಮಾಡುವ ಶಿವಗಣಾರಾಧನೆಯ ದಿನ ದೇವರ ಜಗಲಿಯ ಪಕ್ಕ ಆಕೆಯ ದೊಡ್ಡ ಚಿತ್ರ ಇಡಬೇಕಿತ್ತು. ಅಂಗಡಿಯ ಮಾಲೀಕ ನನಗೆ ಹೇಳದೆ ಮೊದಲು ಆ್ಯಪ್‌ನಲ್ಲೇ ಮಾಡಿಸಿ ಒಯ್ದಿದ್ದ. ಅದು ಕಣ್ಣೇನೋ ತೆರೆದಿತ್ತು. ದೊಡ್ಡ ದೊಡ್ಡ ಕಣ್ಣು, ಕಾಡಿಗೆ ಬೇರೆ. ವ್ಯಾಪಾರಿಯಾದ ಹಿರಿಯ ಮಗ ನೋಡಿ, ಇದು ನಮ್ಮವ್ವನಲ್ಲ, ಯಾವುದೋ ಧಾರಾವಾಹಿಯವಳು ಎಂದು ತಿರುಗಿ ಕೊಟ್ಟಿದ್ದನಂತೆ. ಆಗ ಮಾಲೀಕನಿಗೆ ನನ್ನ ನೆನಪಾಯಿತು.

ಪರೀಕ್ಷೆ ಶುಲ್ಕ ಕಟ್ಟುವ ದಿನ ಅದಾಗಲೇ ಮುಗಿದು, ದಂಡ ಸೇರಿಸಿ ಕಟ್ಟುವ ದಿನ ಹತ್ತಿರವಾಗಿತ್ತು. ಸ್ಕಾಲರ್‌ಶಿಪ್ ಬ್ಯಾಂಕಿನ ಆಧಾರ್ ಜೋಡಣೆಯಲ್ಲಿ ಸಿಕ್ಕಿಕೊಂಡು ಕುಳಿತಿತ್ತು. ಚಿತ್ರ ಗೋಡೆಗೇರಿದ ದಿನವೇ ದುಡ್ಡು ಕೊಡುತ್ತೇನೆ ಎಂದ ಮಾಲೀಕ. ಕಡೆಯ ದಿನಕ್ಕೆ ಸರಿಯಾಗಿ ಸಿಗುವಂತಿತ್ತು. ಒಪ್ಪಿಕೊಂಡೆ.

ಆ ಮನೆಗೆ ಮಾಲೀಕನ ಜೊತೆ ಹೋದೆ. ಹಿರಿಯ ಮಗ ಮೊದಲು ಕೇಳಿದ್ದು ಯಾವೂರು ಎಂದು. ಹೇಳಿದೆ. ಯಾರ ಪೈಕಿ ಎಂದ. ಅದನ್ನೂ ಹೇಳಿದೆ. ಅಲ್ಲೇ ಕೂಡು ಎಂದ. ಅಲ್ಲೇ ಎಂದರೆ ಹೊರಗಿನ ಕಟ್ಟೆ. ಮಾಲೀಕ ಒಳಗೆ ಪಡಸಾಲೆಯಲ್ಲಿ ಕುಳಿತ. ಬಾಗಿಲು ತೆರೆದಿತ್ತು, ನಡುವೆ ಹೊಸ್ತಿಲಿತ್ತು, ಮಾತು ಹೊಸ್ತಿಲು ದಾಟಿ ನಡೆಯಿತು. ನನಗೆ ಇದು ಹೊಸದಲ್ಲ. ಆದರೆ ಇವರ ತಾಯಿಯ ಮುಖವನ್ನು ನಾನು ನನ್ನ ಮನೆಯ ನೆಲದ ಮೇಲೆ ಹರಡಿಕೊಂಡು ಬರೆಯುತ್ತೇನೆ, ಅದು ಇವರ ದೇವರ ಪಕ್ಕ ಕೂರುತ್ತದೆ, ನಾನು ಮಾತ್ರ ಕಟ್ಟೆಯ ಮೇಲೆ ಎಂದು ಆ ದಿನ ಯಾಕೋ ಪೆನ್ಸಿಲ್ ಕೆತ್ತುತ್ತ ಅನ್ನಿಸಿತು.

ಕೇಳಬೇಕಾದದ್ದನ್ನು ಕೇಳಿದೆ. ಗಂಡ ಇದ್ದಾರೆಯೇ? ಇದ್ದಾರೆ, ಒಳಗೆ ಮಲಗಿದ್ದಾರೆ ಎಂದರು. ಹಾಗಾದರೆ ಕುಂಕುಮ, ಬಳೆ, ಹೂವು ಎಲ್ಲ ಬರಬೇಕು. ಸೆರಗು ತಲೆಯ ಮೇಲೆಯೇ? ಹೌದು, ಯಾವಾಗಲೂ. ಮೂಗುಬೊಟ್ಟು ಯಾವ ಕಡೆ? ಹಿರಿಯ ಮಗ ಎಡಕ್ಕೆ ಎಂದ, ಅವನ ತಮ್ಮ ಬಲಕ್ಕೆ ಎಂದ. ಇಬ್ಬರೂ ಒಂದಿಷ್ಟು ಹೊತ್ತು ವಾದಿಸಿದರು. ಕಡೆಗೆ ಸೊಸೆಯನ್ನು ಅಡುಗೆಮನೆಯಿಂದ ಕರೆದು ಕೇಳಿದರು. ಆಕೆ, ಮೂಗುಬೊಟ್ಟು ಮಾರಿ ಬಹಳ ವರ್ಷವಾಯಿತು ಎಂದು ಹೇಳಿ ಒಳಗೆ ಹೋದಳು.

ಕಣ್ಣು ಯಾರಿಗೆ ಬಂದಿದೆ ಎಂದಾಗ ಹಿರಿಯ ಮಗ ತನ್ನ ಕಣ್ಣನ್ನೇ ಬರೆದುಕೋ ಎಂದ. ಗುಂಡಗಿನ, ಸ್ವಲ್ಪ ಉಬ್ಬಿದ ಕಣ್ಣು. ಫೋಟೊದಲ್ಲಿ ಸತ್ತಾಕೆಯ ರೆಪ್ಪೆಗಳು ಉದ್ದ, ಚಪ್ಪಟೆ. ಆ ರೆಪ್ಪೆಯೊಳಗೆ ಈ ಕಣ್ಣು ಹಿಡಿಯುವುದಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗ ಒಳಗಿನ ಮಂಚದಿಂದ ಮುದುಕನ ದನಿ ಬಂತು.

"ಸಣ್ಣಾಕಿವು. ಥೇಟ್ ಸಣ್ಣಾಕಿ ಕಣ್ಣು."

ಹಿರಿಯ ಮಗ ಎದ್ದು ಆ ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಕುಳಿತ.

ದಾರಿಯಲ್ಲಿ ಮಾಲೀಕ ವಿಷಯ ಹೇಳಿದ. ಸಣ್ಣಾಕೆ ಎಂದರೆ ಕಿರಿಯ ಮಗಳು. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹರಪನಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳ ಹೆಸರನ್ನು ಆ ಮನೆಯಲ್ಲಿ ಎತ್ತುವುದಿಲ್ಲ. ನೀನು ಸುಮ್ಮನೆ ಸಾವುಕಾರರ ಕಣ್ಣು ಬರೆದು ಕೈತೊಳೆದುಕೋ ಎಂದ.

ನಾನು ಹರಪನಹಳ್ಳಿಗೆ ಹೋದೆ. ಯಾಕೆ ಹೋದೆ ಎಂದರೆ ಕೆಲಸ ಹಾಗಿತ್ತು. ಸುಳ್ಳು ಕಣ್ಣು ಇಟ್ಟರೆ ಇಡೀ ಮುಖ ಸುಳ್ಳಾಗುತ್ತದೆ ಎಂಬುದು ನನಗೆ ಕೈಯಿಂದ ಗೊತ್ತಿತ್ತು. ಇನ್ನೊಂದೂ ಇತ್ತು. ಆ್ಯಪ್ ಸೋತ ಕಡೆ ನಾನು ಗೆಲ್ಲಬೇಕಿತ್ತು. ಮೂಗುಬೊಟ್ಟು ಯಾವ ಕಡೆ ಎಂದೇ ಗೊತ್ತಿಲ್ಲದವರು ಯಾರ ಕಣ್ಣು ಎಂದು ಎಲ್ಲಿ ಗುರುತು ಹಿಡಿಯುತ್ತಾರೆ ಎಂದುಕೊಂಡೆ.

ಕಿರಿಯ ಮಗಳ ಅಂಗಡಿ ಎಂದರೆ ಒಂದು ಹೊಲಿಗೆ ಮಿಷನ್ ಇಡುವಷ್ಟು ಜಾಗ. ಮಗಳು ಬ್ಲೌಸಿಗೆ ಕಾಜಾ ಹೊಲಿಯುತ್ತಿದ್ದಳು. ನಾನು ಬಂದ ಕಾರಣ ಹೇಳಿದಾಗ ಸೂಜಿ ನಿಲ್ಲಲಿಲ್ಲ.

"ಅಪ್ಪ ಹೇಳಿದ್ನೇನು?" ಎಂದಳು.

ಹೌದು ಎಂದೆ. ಕಾಜಾ ಮುಗಿಸಿ ದಾರ ಹರಿದಳು. ತಾಯಿ ಸತ್ತದ್ದು ತನಗೆ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿ ಗೊತ್ತಾಯಿತು, ಓಡಿಹೋದೆ, ಓಣಿಯ ಬಾಯಿಯಲ್ಲೇ ಅಣ್ಣಂದಿರು ನಿಲ್ಲಿಸಿದರು, ಮೆರವಣಿಗೆ ಹೊರಟಾಗ ಯಾರದೋ ಮಾಳಿಗೆಯ ಮೇಲೆ ಹತ್ತಿ ನೋಡಿದೆ ಎಂದು, ಬೇರೆ ಯಾರದೋ ಮನೆಯ ಸಂಗತಿ ಹೇಳುವಂತೆ ಹೇಳಿದಳು. ಆಮೇಲೆ ನನ್ನ ಊರು ಕೇಳಿದಳು, ಪೈಕಿ ಕೇಳಿದಳು. ಹೇಳಿದಾಗ ಮೊದಲ ಸಲ ನಕ್ಕಳು.

"ನನ್ನ ಗಂಡನ ಪೈಕೀನ ಆತಲ್ಲ ತಂಗಿ. ನಿನ್ನ ಕಟ್ಟಿ ಮ್ಯಾಲಾರ ಕುಂದ್ರಿಸ್ಯಾರ. ನಮ್ಮನಿಯವ್ರನ್ನ ಓಣ್ಯಾಗೂ ಬಿಡ್ಲಿಲ್ಲ."

ಬಾಗಿಲ ಬೆಳಕಿಗೆ ಕೂರಿಸಿ ಅವಳ ಕಣ್ಣು ಬರೆದುಕೊಂಡೆ. ಉದ್ದನೆಯ ರೆಪ್ಪೆ, ಹೊರತುದಿ ಕೊಂಚ ಕೆಳಗೆ, ಕರಿಗುಡ್ಡೆ ಮೇಲಿನ ರೆಪ್ಪೆಗೆ ಮುಟ್ಟಿದಂತೆ. ಸತ್ತಾಕೆಯ ರೆಪ್ಪೆಯ ಅಳತೆಗೆ ಬೀಗಕ್ಕೆ ಕೀಲಿ ಕೂತಂತೆ ಕೂತಿತು. ನೆಟ್ಟಗೆ ನನ್ನನ್ನೇ ನೋಡು ಎಂದೆ. ನೋಡಿದಳು. ಆ ನೋಟ ತಡೆದುಕೊಳ್ಳುವುದು ಸುಲಭವಿರಲಿಲ್ಲ.

ಬರೆಯುವ ಕೆಲಸ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಮಾತ್ರ. ದಪ್ಪ ಕಾಗದ ನಮ್ಮ ಕಡೆ ಸಿಗುವುದಿಲ್ಲ, ದಾವಣಗೆರೆಗೆ ಹೋದವರ ಕೈಯಲ್ಲಿ ಹಿಂದೆ ತರಿಸಿದ್ದರಲ್ಲಿ ಎರಡೇ ಹಾಳೆ ಉಳಿದಿದ್ದವು. ಫೋಟೊದ ಮೇಲೆ ಚೌಕ ಹಾಕಿ, ಕಾಗದದ ಮೇಲೆ ದೊಡ್ಡ ಚೌಕ ಹಾಕಿ, ಒಂದೊಂದೇ ಮನೆ ತುಂಬುತ್ತ ಬಂದೆ. ಬೇಸಿಗೆ. ಕೈಯ ಬೆವರು ಕಾಗದಕ್ಕೆ ಹತ್ತಿದರೆ ಅಲ್ಲಿ ಸೀಸ ಹಿಡಿಯುವುದಿಲ್ಲ ಎಂದು ಮಣಿಕಟ್ಟಿನ ಕೆಳಗೆ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿದ್ದೆ. ಆದರೂ ಸೆರಗಿನ ಅಂಚಿನಲ್ಲಿ ಒಂದು ಕಡೆ ಹತ್ತಿತು. ಅಲ್ಲಿ ನೆರಿಗೆಯೊಂದನ್ನು ಹೆಚ್ಚು ಮಾಡಿ ಮುಚ್ಚಿದೆ. ಕಡೆಗೆ ಕಣ್ಣು. ಕಡುಗಪ್ಪಾಗಿ ಹತ್ತುವ ಎಂಟು ಬಿ ಪೆನ್ಸಿಲ್ಲಿನಿಂದ ಕರಿಗುಡ್ಡೆ ತುಂಬಿ, ಬೆಳಕಿನ ಚುಕ್ಕೆಗೆ ಸಾಸಿವೆಯಷ್ಟು ಬಿಳಿ ಬಿಟ್ಟೆ. ಕುಂಕುಮ ಒಂದಕ್ಕೆ ಮಾತ್ರ ಕೆಂಪು. ಅವ್ವ ಹೊಲದಿಂದ ಬಂದವಳು ನೋಡಿ, ಬಾಗಿಲಲ್ಲೇ ನಿಂತು, ಯಾರವ್ವ ಬಂದಾಳ ಎಂದಳು. ತಮಾಷೆಗೆ ಹೇಳಿದಳೋ ನಿಜಕ್ಕೋ ನಾನು ಕೇಳಲಿಲ್ಲ. ಅಂಥ ಚಿತ್ರ ಅದಕ್ಕೆ ಮೊದಲು ನಾನು ಬರೆದಿರಲಿಲ್ಲ.

ಆರಾಧನೆಗೆ ಇನ್ನೂ ಮೂರು ದಿನವಿರುವಾಗ ಒಯ್ದು ಕೊಟ್ಟೆವು. ಮಾಲೀಕ ಹಾಳೆಯನ್ನು ಪಡಸಾಲೆಯ ಗೋಡೆಗೆ ಆನಿಸಿ ಹಿಡಿದ. ನಾನು ಹೊಸ್ತಿಲಾಚೆಯಿಂದ ನೋಡುತ್ತಿದ್ದೆ. ಸೊಸೆಯಂದಿರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುದುಕನನ್ನು ಇಬ್ಬರು ಹಿಡಿದು ತಂದು ಎದುರಿಗೆ ಕೂರಿಸಿದರು. ಅವನು ಬಹಳ ಹೊತ್ತು ನೋಡಿದ. ಸತ್ತಾಕೆಯ ತಂಗಿ, ಒಬ್ಬ ವಯಸ್ಸಾದ ಹೆಂಗಸು, ಹತ್ತಿರ ಹೋಗಿ ಬಗ್ಗಿ ನೋಡಿ, ಅಳುತ್ತಲೇ ಅಂದಳು:

"ನಮ್ಮ ಸಣ್ಣಾಕಿ ಕಣ್ಣಿಲೆ ನೋಡಾಕತ್ಯಾಳಲ್ಲೋ."

ಹಿರಿಯ ಮಗನ ಮುಖ ಬಿಗಿಯಿತು. ಅವನು ಚಿತ್ರದ ಹತ್ತಿರ ಹೋಗಿ ನೋಡಿ, ಮಾಲೀಕನ ಕಡೆ ತಿರುಗಿ, ಈಕೆ ಎಲ್ಲಿಗೆ ಹೋಗಿದ್ದಳು ಎಂದು ಕೇಳಿದ. ನನ್ನಿಂದಲೇ ಕೇಳಿ ತಿಳಿದಿದ್ದ ಮಾಲೀಕ ಎಲ್ಲ ಹೇಳಿಬಿಟ್ಟ. ತಾನು ಬೇಡವೆಂದರೂ ಈಕೆಯೇ ಕೇಳಲಿಲ್ಲ ಎಂದೂ ಸೇರಿಸಿದ. ಹಿರಿಯ ಮಗ ದನಿ ಏರಿಸಲಿಲ್ಲ. ಹೊಸ್ತಿಲವರೆಗೆ ಬಂದು ನಿಂತು ಹೇಳಿದ.

"ಆಕಿ ಈಗ ನಿಮ್ಮಾಕಿ. ನಿಮ್ಮೋರ ಕಣ್ಣು ನಮ್ಮ ಜಗಲಿ ಮ್ಯಾಲ ಕುಂದ್ರಂಗಿಲ್ಲ. ತಿದ್ದಿಕೊಂಡು ಬಾ."

ಎಂಟು ಬಿ ಸೀಸ ಅಳಿಸಿದರೆ ಹೋಗುವುದಿಲ್ಲ, ಕಾಗದದ ಮೈ ಕಿತ್ತುಬರುತ್ತದೆ ಎಂದೆ. ಹಾಗಾದರೆ ಬೇರೆ ಬರಿ ಎಂದ. ಅಮ್ಮನವರ ರೆಪ್ಪೆಗೆ ಈ ಕಣ್ಣೇ ಹೊಂದುತ್ತದೆ, ಅಪ್ಪನವರೂ ಅದನ್ನೇ ಹೇಳಿದರಲ್ಲ ಎಂದು ಮುದುಕನ ಕಡೆ ನೋಡಿದೆ. ಮುದುಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ನನಗೆ ಇಂದಿಗೂ ಹಿರಿಯ ಮಗನ ಮೇಲೆ ಇರುವುದಕ್ಕಿಂತ ಹೆಚ್ಚು ಸಿಟ್ಟು ಆ ಮುದುಕನ ಮೇಲಿದೆ.

ಆ ಚಿತ್ರವನ್ನು ಏನು ಮಾಡುವುದು ಎಂದು ಅವರಲ್ಲೇ ಮಾತಾಯಿತು. ಸತ್ತವರ ಮುಖವನ್ನು ಹರಿಯುವ ಹಾಗಿಲ್ಲ, ಸುಡುವ ಹಾಗೂ ಇಲ್ಲ. ಹೊಳೆಗೆ ಬಿಟ್ಟುಬಿಡಿ ಎಂದು ಇನ್ನೂ ಕಟ್ಟು ಹಾಕಿರದ ಹಾಳೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಬರೆಯುವುದಿಲ್ಲ ಎಂದು ಕುಳಿತೆ. ಅವ್ವನಿಗೆ ಎಲ್ಲ ಹೇಳಿದೆ. ನಿಮ್ಮೋರ ಕಣ್ಣು ಎಂದದ್ದನ್ನೂ ಹೇಳಿದೆ. ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಶುಲ್ಕ ಕಟ್ಟುವ ಕಡೆಯ ದಿನ ಯಾವಾಗ ಎಂದು ಕೇಳಿದಳು. ಆರಾಧನೆಯ ಮರುದಿನ ಎಂದೆ. ನಾನು ಬರೆಯದಿದ್ದರೆ ಬೇರೆ ಕಡೆಯಿಂದ ತರಲು ಆಗುತ್ತದೆಯೇ ಎಂದಳು. ಮಾವನನ್ನು ಕೇಳಬಹುದು ಎಂದೆ, ಕೇಳಿದರೆ ಅವನು ಕೊಡುತ್ತಿದ್ದ ಕೂಡ. ಆಮೇಲೆ ಏನಾಗುತ್ತಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

"ಕಣ್ಣು ಅವರವು," ಎಂದಳು ಅವ್ವ. "ಪರೀಕ್ಷಿ ನಿಂದು. ಬರದು ಕೊಟ್ಟು ಬಾ."

ಮರುದಿನ ಬೆಳಗ್ಗೆ ಉಳಿದಿದ್ದ ಒಂದೇ ಹಾಳೆ ತೆಗೆದು ಮತ್ತೆ ಚೌಕ ಹಾಕಿದೆ. ಮಾಲೀಕ ಹಿರಿಯ ಮಗನ ಫೋಟೊ ಕಳಿಸಿದ. ಯಾವುದೋ ಉದ್ಘಾಟನೆಯಲ್ಲಿ ಶಾಲು ಹೊದ್ದು ನಗುತ್ತಿದ್ದ. ಅದೇ ಮುಖ, ಅದೇ ವಿಭೂತಿ, ಅದೇ ಸೆರಗು. ಕೈ ತಾನೇ ತಾನಾಗಿ ನಡೆಯಿತು. ಕಣ್ಣಿನ ಜಾಗಕ್ಕೆ ಬಂದಾಗ ರೆಪ್ಪೆಯನ್ನು ಗುಂಡು ಮಾಡಬೇಕಾಯಿತು. ರೆಪ್ಪೆ ಗುಂಡಾದಾಗ ಹುಬ್ಬು ಮೇಲೆ ಹೋಯಿತು. ಹುಬ್ಬು ಹೋದಾಗ ಹಣೆ ಸಣ್ಣದಾಯಿತು. ಸುಳ್ಳಿಗೆ ಹೊಂದಿಸುತ್ತ ಹೊಂದಿಸುತ್ತ ಕಡೆಗೆ ಆ ಹಿರಿಯ ಮಗನೇ ಸೀರೆ ಉಟ್ಟು ಕುಳಿತಂತೆ ಒಂದು ಮುಖವಾಯಿತು. ನನಗೆ ನಗು ಬರಬೇಕಿತ್ತು. ಕೊಟ್ಟೂರಿಗೆ ಒಯ್ದು ಕೊಟ್ಟೆ.

ಆರಾಧನೆಯ ದಿನ ಅದನ್ನು ಇಟ್ಟು ಹಾರ ಹಾಕಿದರಂತೆ. ಅವ್ವ ನಮ್ಮನ್ನೇ ನೋಡುತ್ತಿದ್ದಾಳೆ ಎಂದು ಬಂದವರಿಗೆಲ್ಲ ತೋರಿಸಿದರಂತೆ. ಇದನ್ನು ಹೇಳುವಾಗ ಮಾಲೀಕನಿಗೆ ಬಹಳ ಖುಷಿಯಿತ್ತು, ಆ ಮನೆಯ ನೆಂಟರಿಂದ ಇನ್ನೂ ಆರ್ಡರ್ ಬಂದಿದ್ದವು. ಅವನು ಕೊಟ್ಟದ್ದನ್ನು ಎಣಿಸದೆ ಒಯ್ದು ಕಾಲೇಜಿನ ಕಿಟಕಿಯಲ್ಲಿ ಕಟ್ಟಿದೆ. ರಸೀತಿ ಕೊಟ್ಟ ಗುಮಾಸ್ತ ನನ್ನ ಬೆರಳುಗಳನ್ನು ನೋಡಿ, ಕೈ ತೊಳೆದುಕೊಂಡು ಬರಬಾರದೇನಮ್ಮ ಎಂದ. ಎರಡು ದಿನ ತೊಳೆದಿದ್ದೆ. ಉಗುರಿನ ಸಂದಿಯ ಸೀಸ ಅಷ್ಟು ಬೇಗ ಹೋಗುವುದಿಲ್ಲ.

ಪರೀಕ್ಷೆ ಬರೆದೆ. ಮೊದಲ ಚಿತ್ರ ಅಲ್ಲಿಯವರೆಗೆ ನಮ್ಮ ಮನೆಯ ಅಟ್ಟದ ಮೇಲಿತ್ತು. ಹೊಳೆಗೆ ಬಿಡಲು ನನ್ನಿಂದ ಆಗಲಿಲ್ಲ. ಅದಕ್ಕೆ ಸರಿಯಾದ ಜಾಗ ಒಂದೇ ಎಂದುಕೊಂಡು ಕಡೆಯ ಪತ್ರಿಕೆ ಮುಗಿದ ಮರುದಿನ ಹರಪನಹಳ್ಳಿಯ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಗಳು ಏನನ್ನಬಹುದು ಎಂದು ಯೋಚಿಸುತ್ತಿದ್ದೆ. ಆ ಇಡೀ ವ್ಯವಹಾರದಲ್ಲಿ ಒಬ್ಬರಿಗಾದರೂ ಸರಿಯಾದದ್ದನ್ನು ಕೊಡುತ್ತಿದ್ದೇನೆ ಎಂಬ ಸಮಾಧಾನ ನನಗೆ ಬೇಕಿತ್ತು.

ಮಗಳು ಮಿಷನ್ನಿನ ಮೇಲಿದ್ದ ಬಟ್ಟೆ ಸರಿಸಿ ಹಾಳೆ ಹರಡಿದಳು. ಮೊದಲು ಹಣೆಯನ್ನು ಬೆರಳಿನಿಂದ ಮುಟ್ಟಿದಳು, ಸೆರಗನ್ನು ಮುಟ್ಟಿದಳು. ಕಣ್ಣಿನ ಹತ್ತಿರ ಬೆರಳು ನಿಂತಿತು.

"ಮುಖ ಅವ್ವಂದು ತಂಗಿ," ಎಂದಳು. "ಇವು ನನ್ನ ಕಣ್ಣು."

ಅಪ್ಪನವರೇ ಹೇಳಿದ್ದರು, ರೆಪ್ಪೆಯ ಅಳತೆಗೂ ಸರಿಯಾಗಿ ಕೂತಿದೆ ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡಳು.

"ಆಕಾರ ನಂದೇ ಇರಬೋದು. ನಮ್ಮವ್ವ ಹಿಂಗ ಯಾರನ್ನೂ ನೆಟ್ಟಗ ನೋಡಿದಾಕಿ ಅಲ್ಲ. ಆ ಮನ್ಯಾಗ ನೋಡಾಕ ಎಲ್ಲಿ ಬಿಟ್ಟಾರ? ನಾ ಮನಿ ಬಿಟ್ಟು ಬರೋ ದಿನ ಬಾಗಿಲದಾಗ ನಿಂತಿದ್ಲು. ಅವಾಗ್ಲೂ ನನ್ನ ಕಾಲು ನೋಡಿದ್ಲು, ಮಾರಿ ನೋಡ್ಲಿಲ್ಲ."

ವಾಪಸ್ ಒಯ್ಯಲೇ ಎಂದು ಕೇಳಿದೆ. ಬೇಡ ಎಂದು ಹಾಳೆಯನ್ನು ಮೊದಲಿದ್ದಂತೆಯೇ ಸುತ್ತಿ, ಲೈನಿಂಗ್ ಬಟ್ಟೆಯ ಥಾನಿನ ಹಿಂದೆ ನಿಲ್ಲಿಸಿದಳು.

"ಇರ್ಲಿ ಬಿಡು. ನಾ ಸತ್ರ ನನಗ ಆಕ್ಕತಿ. ನಿನಗ ಮತ್ತ ತ್ರಾಸು ಕೊಡೋದು ಬ್ಯಾಡ."

ಅದು ನಗೆಚಾಟಿಕೆ ಎಂದು ಗೊತ್ತಾಗಿ ನಗಲು ನೋಡಿದೆ. ಅವಳು ಆಗಲೇ ಮಿಷನ್ ತುಳಿಯತೊಡಗಿದ್ದಳು.

ಬಸ್ಸಿನಲ್ಲಿ ಬರುವಾಗ ಸತ್ತಾಕೆಯ ಫೋಟೊವನ್ನು ಮೊಬೈಲಿನಲ್ಲಿ ಮತ್ತೆ ತೆಗೆದು ನೋಡಿದೆ. ಗದ್ದಕ್ಕೆ ಕಟ್ಟಿದ ಬಟ್ಟೆ, ವಿಭೂತಿ, ಮುಚ್ಚಿದ ರೆಪ್ಪೆ. ಎಷ್ಟು ದಿನ ಆ ಮುಖವನ್ನು ಚೌಕ ಚೌಕವಾಗಿ ನೋಡಿದ್ದೆ. ಕಣ್ಣು ಯಾರ ಹಾಗಿತ್ತು ಎಂದು ಕೇಳಿದ್ದೆ, ಆ ಕಣ್ಣು ಏನನ್ನು ನೋಡುತ್ತಿತ್ತು ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಆ ಮನೆಯಲ್ಲಿ ಯಾರು ಹೇಳುತ್ತಿದ್ದರೋ.

ಈಗಲೂ ಚಿತ್ರ ಬರೆಯುತ್ತೇನೆ. ಈಗ ಮೊದಲು ಕೇಳುವ ಪ್ರಶ್ನೆ ಅದು. ನೆಲ ನೋಡುತ್ತಿದ್ದವರಿಗೆ ನೆಲ ನೋಡುವ ಕಣ್ಣನ್ನೇ ಬರೆಯುತ್ತೇನೆ. ಅರ್ಧ ಮುಚ್ಚಿದ ಕಣ್ಣಿನ ಚಿತ್ರ ಯಾರು ಗೋಡೆಗೆ ಹಾಕುತ್ತಾರೆ ಎಂದು ಕೊಟ್ಟೂರಿನ ಮಾಲೀಕ ಕೆಲಸ ಕೊಡುವುದು ನಿಲ್ಲಿಸಿದ. ಹಗರಿಬೊಮ್ಮನಹಳ್ಳಿಯ ಒಂದು ಸ್ಟುಡಿಯೊದವರು ಅಪರೂಪಕ್ಕೆ ಕರೆಯುತ್ತಾರೆ. ಅಲ್ಲಿ ಚಿತ್ರದ ಕೆಳಗೆ ನನ್ನ ಹೆಸರು ಹಾಕಲು ಬಿಡುತ್ತಾರೆ, ಸಣ್ಣ ಅಕ್ಷರದಲ್ಲಿ.

ಪದವಿ ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದ ದಿನ ಅವ್ವ ಕೂಲಿ ಬಿಟ್ಟು ನನ್ನ ಜೊತೆ ಹೊರಟಳು. ಅವಳು ಆ ಕಾಲೇಜಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಗುಮಾಸ್ತ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕಿಟಕಿಯಿಂದ ಕೈ ಚಾಚಿ ಕೊಟ್ಟ. ನಾನು ತೆಗೆದು ಅವ್ವನ ಕೈಗೆ ಕೊಟ್ಟೆ. ಅವಳು ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹೆಸರು ಎಲ್ಲಿದೆ ಎಂದು ಕೇಳಿದಳು, ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳು ತಾಗದಂತೆ ಕಾಗದವನ್ನು ಅಂಚಿನಲ್ಲಿ ಹಿಡಿದು, ಹಿಂದೆ ತಿರುಗಿಸಿ ನೋಡಿ, ಮತ್ತೆ ಮುಂದೆ ಮಾಡಿ, ಮೆಲ್ಲಗೆ ಕೇಳಿದಳು:

"ಇದನ್ನ ಯಾರೂ ತಿದ್ದಿಕೊಂಡು ಬಾ ಅನ್ನಂಗಿಲ್ಲಲ್ಲ?"